ಆರು ಕಟ್ಟೆಗಳ ಹೊಳೆ

ಅಜ್ಜಿ,

ನೀನು ಹೋಗಿ ಎರಡು ಚಳಿಗಾಲ ಕಳೆಯಿತು. ಇದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ. ಆದರೂ ಬರೆಯದೆ ಇರಲಾರೆ. ಇವತ್ತು ನಾನು ಭೂಮಿ ಕೋರ್ಟಿನಲ್ಲಿ, ಬಿಳಿಯ ಜಡ್ಜಿಯ ಎದುರು, ನಮ್ಮ ಮಾವೊರಿ ಮಾತಿನಲ್ಲೇ ಸಾಕ್ಷಿ ಹೇಳಿದೆ.

ನಮ್ಮ ಹೊಳೆ ತಮ್ಮದೆಂದು ಪಕ್ಕದ ಹಳ್ಳಿಯವರು ವಾದಿಸಿದರು. ಹಾವುಮೀನು ಹಿಡಿಯುವ ಕಟ್ಟೆಗಳ ಹೆಸರನ್ನು ಸಾಲಾಗಿ ಹೇಳಿ, ಹೇಳಿದಷ್ಟು ದೂರ ಹೊಳೆ ನಿಮ್ಮದು ಎಂದರು ಜಡ್ಜಿ. ಪಾವೊರಾ ಮಾಮ ಎದ್ದು ನಿಂತು ಎರಡನೆಯ ಹೆಸರಿಗೇ ತಡವರಿಸಿದ. ಹೆಸರುಗಳ ಸಾಲು ಹೇಳುವಾಗ ನಡುವೆ ಉಸಿರು ಕಡಿಯುವುದು ಅಪಶಕುನವಲ್ಲವೇ, ನಮ್ಮವರೆಲ್ಲ ತಲೆ ತಗ್ಗಿಸಿದರು. ಆಗ ನಾನು ಹಿಂದಿನ ಬೆಂಚಿನಿಂದ, ನೀನು ಕಲಿಸಿದ ಕಟ್ಟೆಗಳ ಹೆಸರಿನ ಹಾಡು ಶುರುಮಾಡಿಬಿಟ್ಟೆ.

“ಹಾಲುಹಲ್ಲಿನ ಹುಡುಗೀನೂ ಸಾಕ್ಷೀನಾ?” ಎಂದು ಆ ಹಳ್ಳಿಯ ಮುದುಕ ಹೋನೆ ನಕ್ಕ.

“ನಿನ್ನ ಬಾಯಲ್ಲಿ ಆ ಹಲ್ಲೂ ಇಲ್ವಲ್ಲೋ ಮುದುಕಾ, ಸುಮ್ನೆ ಕೂತ್ಕೊ,” ಎಂದಳು ರಿಪೆಕಾ ಅತ್ತೆ. ದುಭಾಷಿ ಅದೊಂದನ್ನು ಮಾತ್ರ ಜಡ್ಜಿಗೆ ಹೇಳಲಿಲ್ಲ.

ಅಳಿವೆಯಿಂದ ಮೇಲಕ್ಕೆ ಆರು ಕಟ್ಟೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಗುಮಾಸ್ತ ಆರನ್ನೂ ಬರೆದುಕೊಂಡ.

“ಏಳನೇದು ಹೇಳು ಮೀರಿಯಾಮಾ, ಕೆರೆ ಹತ್ರದ್ದು,” ಎಂದು ಮಾಮ ಪಿಸುಗುಟ್ಟಿದ.

ಅದನ್ನು ನೀನು ಕಲಿಸಲು ಕೂತ ದಿನ ತೀರಕ್ಕೆ ಹಡಗಿನಲ್ಲಿ ಕುದುರೆಗಳು ಬಂದಿದ್ದವು. ಅವನ್ನು ನೋಡಲು ನಾನು ಓಡುತ್ತಿದ್ದೆ, ನೀನು ಹಿಂದಿನಿಂದ ಕರೆಯುತ್ತಲೇ ಇದ್ದೆ. ಆ ಹೆಸರನ್ನು ನಾನು ಕಲಿಯಲೇ ಇಲ್ಲ.

ಆರನೆಯ ಕಟ್ಟೆಯ ತನಕ ಹೊಳೆ ನಮ್ಮದಾಯಿತು, ಅಜ್ಜಿ. ಮಾಮ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತ ಊರಿಗೆ ಕರೆತಂದ. ದಾರಿಯಲ್ಲಿ ಯಾರೂ ಕೆರೆಯ ಕಡೆ ತಿರುಗಲಿಲ್ಲ. ಅಷ್ಟು ಎತ್ತರದಿಂದ ನನಗೆ ಅದು ಪೂರ್ತಿ ಕಾಣುತ್ತಿತ್ತು.