ಹೊಳೆಯಬಾರದಿದ್ದ ರಿಬ್ಬನ್

ಎಜ್‌ವೇರ್, ಲಂಡನ್
12 ಅಕ್ಟೋಬರ್ 2025, ರವಿವಾರ

ಪ್ರೀತಿಯ ಅತ್ಯಾ,

ನಿಮ್ಮ ಸಣ್ಣ ಸೊಸೆ ಸ್ಫೂರ್ತಿಯ ನಮಸ್ಕಾರ. ಮೊದಲು ನಿಮ್ಮ ಮೊಣಕಾಲಿನ ಸಮಾಚಾರ ಬೇಕು. ವೈದ್ಯರು ಕೊಟ್ಟ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರೋ, ಇಲ್ಲಾ ಅದರ ವಾಸನೆ ಮಡಿಗೆ ಆಗುವುದಿಲ್ಲವೆಂದು ಬಾಟಲಿಯನ್ನು ಮೂಲೆಗೆ ಸರಿಸಿದ್ದೀರೋ? ಕಿವಿಯ ಮಷೀನನ್ನು ಡಬ್ಬಿಯಿಂದ ಹೊರಗೇ ತೆಗೆಯುವುದಿಲ್ಲ ಎಂದು ಭಾವನವರು ದೂರುತ್ತಿದ್ದರು. ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದಿದ್ದೇನೆ. ಫೋನಿನಲ್ಲಿ ನಿಮಗೆ ಕೇಳಲಿ ಎಂದು ಅಕ್ಕ ಸ್ಪೀಕರ್ ಹಾಕುತ್ತಾರೆ. ನಿಮಗೆ ಕೇಳುತ್ತದೋ ಇಲ್ಲವೋ, ಮಾಳಮಡ್ಡಿಯ ಅರ್ಧ ಓಣಿಗಂತೂ ಕೇಳುತ್ತದೆ. ನಾನು ಇಂದು ಹೇಳಬೇಕಾದ್ದು ಓಣಿಗೆ ಅಲ್ಲ, ನಿಮಗೊಬ್ಬರಿಗೇ. ಕನ್ನಡಕ ಹಾಕಿಕೊಂಡು, ಬೆಳಕಿರುವ ಕಡೆ ಕೂತು ಓದಿ. ಇಲ್ಲಿ ನಾವು ಮೂವರೂ ಆರೋಗ್ಯದಿಂದಿದ್ದೇವೆ. ಥಂಡಿ ಶುರುವಾಗಿದೆ. ನಿಮ್ಮ ಮೊಮ್ಮಗಳು ಸಿರಿಶಾ ನಿಮ್ಮ ಕೈಯ ಹುಳಿಯನ್ನ ನೆನೆಯುತ್ತಾಳೆ. ನಾನು ಮಾಡಿದರೆ ಒಂದು ತುತ್ತು ಬಾಯಿಗಿಟ್ಟು, ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಸಾಕೆನ್ನುತ್ತಾಳೆ. ಅವಳ ಮರ್ಯಾದೆಗೇ ನನಗೆ ಹೆಚ್ಚು ಸಿಟ್ಟು ಬರುವುದು.

ನಿಮ್ಮ ಮಗ ನಿತೀಶ ಅವರ ಸುದ್ದಿಯೇ ಸರಿಯಿಲ್ಲ. ಮೈಗೇನೂ ಆಗಿಲ್ಲ, ಗಾಬರಿಯಾಗಬೇಡಿ. ಊಟ ಮಾಡುತ್ತಾರೆ, ರೈಲ್ವೆ ಆಫೀಸಿಗೆ ಹೋಗಿ ಬರುತ್ತಾರೆ. ಆದರೆ ಒಂದು ತಿಂಗಳಿಂದ ಮನೆಯಲ್ಲಿ ಜರ್ಮನಿಯ ಮಾತೇ ಇಲ್ಲ. ಹಿಂದೆ ಅದೇ ಮಾತಿಗೆ ನಾನು ಎಷ್ಟು ರೇಗಿದ್ದೇನೆಂದು ನಿಮಗೆ ಗೊತ್ತು. ಧಾರವಾಡದಲ್ಲಿ ಹುಟ್ಟಿದವನಿಗೆ ಕೈಸರನ ಕಾಲದ ಸಿಪಾಯಿಗಳ ಪದಕ ಯಾಕೆ ಬೇಕು ಎಂದು ಮದುವೆಯಾದ ಹೊಸದರಲ್ಲೇ ಕೇಳಿದ್ದೆ. ಅವರು ಒಂದು ಹಳೆಯ ರಿಬ್ಬನ್ ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟು, "ಹೆಸರಿಲ್ಲ, ಮಾರಿ ಇಲ್ಲ. ಆದ್ರೂ ಬಣ್ಣ ಓದಿದ್ರ ಇವನ ಊರು ಸಿಗತದ ನೋಡು" ಅಂದಿದ್ದರು. ಆ ಕಾಲಕ್ಕೆ ಜರ್ಮನಿಯೊಳಗೇ ಹತ್ತಾರು ರಾಜರಂತೆ. ಒಬ್ಬೊಬ್ಬ ರಾಜನದೂ ಬೇರೆ ಪದಕ, ಪದಕಕ್ಕೆ ಬೇರೆ ಬಣ್ಣದ ರಿಬ್ಬನ್. ದಿನವೂ ಪದಕ ತೂಗಾಡಿಸಿಕೊಂಡು ತಿರುಗಲಾಗದ ಸಿಪಾಯಿ, ಬೆರಳುದ್ದದ ತಗಡಿನ ಪಟ್ಟಿಗೆ ಆ ರಿಬ್ಬನ್ನುಗಳ ತುಂಡುಗಳನ್ನು ಸಾಲಾಗಿ ಹೊಲಿಸಿ ಎದೆಗೆ ಚುಚ್ಚಿಕೊಳ್ಳುತ್ತಿದ್ದ. ಸಾಲಿಗೂ ಪದ್ಧತಿಯುಂಟು. ಮೊದಲು ಕಬ್ಬಿಣದ ಶಿಲುಬೆಯ ರಿಬ್ಬನ್, ಆಮೇಲೆ ತನ್ನ ರಾಜನದು, ಪರದೇಶದ್ದು ಕೊನೆಗೆ. ನಮ್ಮ ಮದುವೆ ಮನೆಗಳಲ್ಲಿ ಯಾರ ಎಲೆ ಎಲ್ಲಿ ಎಂದು ನೀವು ನಿಂತು ಹಾಕಿಸುತ್ತಿದ್ದಿರಲ್ಲ, ಅಷ್ಟೇ ಕಟ್ಟುನಿಟ್ಟು.

ನಾನು ಹೇಳುತ್ತಿರುವುದು ಅವರ ಮೂರು ಬಣ್ಣದ ಪಟ್ಟಿಯ ಬಗ್ಗೆ. ನೀವು ಇಲ್ಲಿದ್ದಾಗ ಮಲಗುತ್ತಿದ್ದ ಸಣ್ಣ ಕೋಣೆಯಲ್ಲೇ ಅದೂ ಇತ್ತು; ದೇವರ ಕಪಾಟಿನ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ. ಕಪ್ಪಿಗೆ ಬಿಳಿ ಗೆರೆ, ಹಳದಿಗೆ ನೀಲಿ ಗೆರೆ, ಕೆಂಪಿಗೆ ಬಿಳಿ ಗೆರೆ. ಕಪ್ಪು ಕಬ್ಬಿಣದ ಶಿಲುಬೆ, ಹಳದಿ ಸ್ಯಾಕ್ಸನಿ ರಾಜನದು, ಕೆಂಪು ತುರ್ಕಿಯ ಸುಲ್ತಾನನದು. ಅಂದರೆ ಸ್ಯಾಕ್ಸನಿಯ ಯಾವನೋ ಹುಡುಗ ತುರ್ಕರ ಜೊತೆ ನಿಂತು ಕಾದಿದ್ದಾನೆ. ಅದೇ ಮೊದಲ ಮಹಾಯುದ್ಧದಲ್ಲಿ ತುರ್ಕರ ಎದುರು ನಿಂತವರಲ್ಲಿ ನಮ್ಮ ಬೆಳಗಾವಿ ಕಡೆಯವರೂ ಇದ್ದರು ಎಂದು ಹೇಳುವಾಗ ಇವರ ದನಿಯೇ ಬೇರೆಯಾಗುತ್ತಿತ್ತು. ನಮ್ಮದೇ ಬಡಾವಣೆಯ ಮುದುಕಿಯೊಬ್ಬರು ಮನೆ ಖಾಲಿ ಮಾಡುವಾಗ ಕೊಂಡದ್ದು ಅದು. ಹೊಲಿಗೆ ನೋಡಿಯೇ ಅಸಲಿ ಅಂದಿದ್ದರು. ಪರೀಕ್ಷೆಯ ದೀಪ ಗೀಪ ಅವರು ಇಟ್ಟುಕೊಂಡವರೇ ಅಲ್ಲ.

ಸ್ಟ್ರಾಟ್‌ಫರ್ಡ್‌ನಲ್ಲಿ ಚರ್ಚಿನ ಹಾಲ್ ಒಂದರಲ್ಲಿ ತಿಂಗಳಿಗೊಮ್ಮೆ ಈ ಪದಕದ ಹುಚ್ಚರೆಲ್ಲ ಕೂಡುತ್ತಾರೆ. ಅಲ್ಲಿ ನಿಮ್ಮ ಮಗನಿಗೊಂದು ಮೇಜಿತ್ತು. ಹೊಸಬರು ತಂದ ಪಟ್ಟಿ ನೋಡಿ ಇದು ಯಾವ ರಾಜ್ಯದ್ದು, ಅಸಲಿಯೋ ನಕಲಿಯೋ ಎಂದು ಹೇಳುವ ಮೇಜು. ಅಷ್ಟು ಜನ ಇಂಗ್ಲಿಷರ ನಡುವೆ ನಮ್ಮವರ ಮುಂದೆ ಸಾಲು ನಿಲ್ಲುತ್ತಿತ್ತು ಅತ್ಯಾ. ನಾನು ಒಮ್ಮೆ ಹೋಗಿ ನೋಡಿ ಬಂದು, ಬಾಯಿಬಿಟ್ಟು ಹೊಗಳದಿದ್ದರೂ, ಆ ರಾತ್ರಿ ಊಟಕ್ಕೆ ಅವರಿಗೆ ಇಷ್ಟವಾದ ಹಯಗ್ರೀವ ಮಾಡಿದ್ದೆ. ಸೆಪ್ಟೆಂಬರ್ ಸಭೆಗೆ ಅವರು ಈ ಮೂರು ಬಣ್ಣದ ಪಟ್ಟಿಯನ್ನು ಎಲ್ಲರಿಗೂ ತೋರಿಸಲು ಒಯ್ದರು. ಅಲ್ಲಿನ ಹಿರಿಯ, ಪೆನ್‌ಫೋಲ್ಡ್ ಎಂಬಾತ, ಜೇಬಿನಿಂದ ಸಣ್ಣ ನೇರಳೆ ದೀಪ ತೆಗೆದು ಅದರ ಮೇಲೆ ಹಿಡಿದ. ನೂರು ವರ್ಷದ ಹಿಂದಿನ ನೂಲು ಆ ಬೆಳಕಿನಲ್ಲಿ ಮಂಕಾಗಿ ಸುಮ್ಮನಿರಬೇಕಂತೆ. ಹೊಸ ಕಾಲದ ನೂಲಾದರೆ ನೀಲಿಯಾಗಿ ಹೊಳೆಯುತ್ತದಂತೆ. ಪಟ್ಟಿಯ ಬಿಳಿ ಗೆರೆಗಳೆಲ್ಲ ಫಳಫಳ ಹೊಳೆದವು. ಪೆನ್‌ಫೋಲ್ಡ್ ಕೆಟ್ಟವನಲ್ಲ, ಮೆಲ್ಲಗೆ ದೀಪ ಆರಿಸಿ ತಲೆಯಾಡಿಸಿದನಂತೆ. ಆದರೆ ಹಿಂದೆ ನಿಂತವನೊಬ್ಬ, ಹಾಗಾದರೆ ಇಷ್ಟು ವರ್ಷ ಈ ಮೇಜಿನಿಂದ ಅಸಲಿ ಎನಿಸಿಕೊಂಡು ಹೋದವುಗಳಲ್ಲಿ ಇಂಥವು ಎಷ್ಟೋ ಎಂದು ಕೇಳಿ ನಕ್ಕ. ಇವರು ಒಂದು ಮಾತೂ ಎದುರಾಡಲಿಲ್ಲ. ಪಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಟ್ಯೂಬ್ ಹತ್ತಿ ಮನೆಗೆ ಬಂದರು. ಮೇಜು ಬೇರೆಯವರಿಗೆ ಕೊಡಿ ಎಂದು ಅಂದೇ ಬರೆದು ಕಳಿಸಿದರು. ಗಾಜಿನ ಪೆಟ್ಟಿಗೆ ಖಾಲಿ ಮಾಡಿ ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ ಮಂಚದ ಕೆಳಗೆ ತಳ್ಳಿದರು.

ಅವರ ಹುಚ್ಚಿಗೆ ನಾನು ಬೈಯಬಹುದು, ಅದು ನನ್ನ ಹಕ್ಕು. ಹೊರಗಿನವರು ಅವರನ್ನು ಸುಳ್ಳ ಎಂದರೆ ಕೇಳಿಕೊಂಡು ಕೂಡುವವಳು ನಾನಲ್ಲ. ತರಕಾರಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ವೆಂಬ್ಲಿಯವರೆಗೆ ತಿರುಗಿ ಹೋಗಿ ಕೊಟ್ಟು ಬರುವ ಮನುಷ್ಯ, ಗೊತ್ತಿದ್ದೂ ನಕಲಿ ಮಾಲು ತೋರಿಸುತ್ತಾರೆಯೇ? ನಾನೂ ಒಂದು ನೇರಳೆ ದೀಪ ತರಿಸಿದೆ. ಅವರು ಆಫೀಸಿಗೆ ಹೋದ ಮೇಲೆ ಪರದೆ ಎಳೆದು ಕಂಡಕಂಡದ್ದಕ್ಕೆಲ್ಲ ಹಿಡಿದು ನೋಡಿದೆ. ದಿಂಬಿನ ಚೀಲ ಹೊಳೆಯಿತು, ಸಿರಿಶಾಳ ಶಾಲೆಯ ಅಂಗಿ ಹೊಳೆಯಿತು, ನಿಮ್ಮ ಮಗನ ಬನಿಯನ್ನಂತೂ ದೀಪಾವಳಿಯ ಹಾಗೆ ಹೊಳೆಯಿತು. ನೀವು ಇಲ್ಲೇ ಬಿಟ್ಟುಹೋದ ಮಡಿಯ ಬಿಳಿ ವಸ್ತ್ರವೂ ಹೊಳೆಯಿತು. ನನ್ನ ಧಾರೆಯ ರೇಷ್ಮೆ ಸೀರೆ ಮಾತ್ರ ಮಂಕಾಗಿ ಸುಮ್ಮನಿತ್ತು. ಅದಕ್ಕೆ ಇಷ್ಟು ವರ್ಷದಲ್ಲಿ ಒಮ್ಮೆಯೂ ನೀರು ಮುಟ್ಟಿಲ್ಲ. ಅಲ್ಲಿಗೆ ನನಗೆ ತಿಳಿಯಿತು, ಹೊಳೆಯುವುದು ನೂಲೊಂದೇ ಅಲ್ಲ, ನಾವು ಬಟ್ಟೆಗೆ ಹಾಕುವ ಪುಡಿಯೂ ಹೊಳೆಯುತ್ತದೆ.

ಸುಮ್ಮನೆ ಊಹೆ ಬೇಡವೆಂದು ಸೂಟ್‌ಕೇಸ್ ಎಳೆದು, ಅವರ ಬಿಡಿ ತುಂಡುಗಳ ಡಬ್ಬಿಯಿಂದ ಕೆಲಸಕ್ಕೆ ಬಾರದ ಒಂದು ಹಳೆಯ ರಿಬ್ಬನ್ ತೆಗೆದೆ. ಮೊದಲು ದೀಪ ಹಿಡಿದಾಗ ಮಂಕು. ಬಕೆಟ್ಟಿನಲ್ಲಿ ನಮ್ಮ ಮನೆಯ ಪುಡಿ ಹಾಕಿ ನೆನೆಸಿ, ಹಿಂಡಿ, ರೇಡಿಯೇಟರ್ ಮೇಲೆ ಒಣಗಿಸಿದೆ. ಆಮೇಲೆ ಹಿಡಿದರೆ ಅದೂ ಫಳಫಳ. ನನ್ನ ಖುಷಿ ಯಾರಿಗೆ ಹೇಳಲಿ, ಮನೆಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಮೂರು ಬಣ್ಣದ ಪಟ್ಟಿಯನ್ನೇ ತೆಗೆದು, ಅದನ್ನು ಕೊಂಡ ದಿನ ಅವರು ತೆಗೆದಿದ್ದ ಫೋಟೋದ ಪಕ್ಕ ಇಟ್ಟೆ. ಫೋಟೋದಲ್ಲಿ ಸುಲ್ತಾನನ ಕೆಂಪಿನ ಪಕ್ಕದ ಗೆರೆ ಕೆನೆಬಿಳಿ. ಈಗ ಅದಕ್ಕೆ ತೆಳ್ಳಗೆ ಗುಲಾಬಿ ಛಾಯೆ. ಕೆಂಪು ಬಣ್ಣ ಬಿಟ್ಟು ಬಿಳಿಗೆ ಹತ್ತಿದೆ. ಹಿಂದಿನ ತಗಡಿಗೂ ಫೋಟೋದಲ್ಲಿಲ್ಲದ ತುಕ್ಕು. ಪಟ್ಟಿ ಈ ಮನೆಗೆ ಬಂದ ಮೇಲೆ ಯಾರೋ ಅದನ್ನು ನೀರಿಗೆ ಹಾಕಿ ತೊಳೆದಿದ್ದಾರೆ.

ಇಷ್ಟನ್ನೂ ಕಟ್ಟಿಕೊಂಡು ಪೆನ್‌ಫೋಲ್ಡ್‌ನನ್ನು ಸ್ಟ್ರಾಟ್‌ಫರ್ಡ್‌ನ ದೊಡ್ಡ ಮಾಲ್‌ನಲ್ಲಿ ಕಂಡೆ. ಹೌದು, ನಾನೊಬ್ಬಳೇ ಹೋದೆ. ಚಹಾ ಆರುವವರೆಗೆ ಆತ ಫೋಟೋ ನೋಡಿದ, ನಾನು ತೊಳೆದ ತುಂಡು ನೋಡಿದ. ಹೀಗೂ ಆಗಬಹುದೆಂದು ಒಪ್ಪುತ್ತೇನೆ, ಆದರೆ ಹೀಗೇ ಆಯಿತೆಂದು ಹೇಳುವವರು ಬೇಕು ಎಂದ. ಮಾತು ನ್ಯಾಯವಾಗಿತ್ತು, ಸಿಟ್ಟು ಬಂದರೂ ಒಪ್ಪಿಕೊಂಡೆ. ನವೆಂಬರ್ ಎಂಟರ ಶನಿವಾರದ ಸಭೆಯಲ್ಲಿ ಮೇಜಿಗೆ ಹೊಸಬರನ್ನು ಆರಿಸುತ್ತಾರೆ. ಒಮ್ಮೆ ಆರಿಸಿದರೆ ಮುಗಿಯಿತು, ಅಲ್ಲಿ ನಿಮ್ಮ ಮಗನ ಹೆಸರಿಗೆ ಹತ್ತಿದ ಮಸಿ ಹಾಗೇ ಉಳಿಯುತ್ತದೆ. ಅದಕ್ಕೆ ಮುಂಚೆ ಐದು ನಿಮಿಷ ನಾನು ಮಾತನಾಡುತ್ತೇನೆಂದು ಹೇಳಿ ಬಂದಿದ್ದೇನೆ. ಹಿಡಿದದ್ದು ಬಿಡದವಳು ಎಂದು ನೀವೇ ನನ್ನನ್ನು ಎಷ್ಟೋ ಸಲ ಬೈದಿದ್ದೀರಿ. ಈ ಸಲವೂ ಬಿಡುವುದಿಲ್ಲ.

ಇವರಿಗೆ ಫೋಟೋ ತೋರಿಸಿ, ಗುಲಾಬಿ ಗೆರೆ ತೋರಿಸಿ, ಖುಷಿಪಡುತ್ತಾರೆಂದು ಕಾದೆ. ಫೋಟೋವನ್ನು ಬೋರಲು ಹಾಕಿ, "ಬಿಡ ಸ್ಫೂರ್ತಿ, ಯಾಕ ಕೆದಕತಿ? ಆದದ್ದು ಆತು" ಅಂದರು. ರಿಬ್ಬನ್ನಿನ ಒಂದು ಎಳೆಗಾಗಿ ವಾರಗಟ್ಟಲೆ ಪುಸ್ತಕ ತಿರುವುತ್ತಿದ್ದವರ ಬಾಯಲ್ಲಿ ಈ ಮಾತೇ? ಅಂದಿನಿಂದ ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಹೋಗಲಿ, ಬಹಳ ಬರೆದೆ. ವೆಂಬ್ಲಿಯ ಉದಯಶಂಕರ್ ಅವರು ಹಬ್ಬಕ್ಕೆ ಹುಬ್ಬಳ್ಳಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಪತ್ರ, ನಿಮಗೆ ಮೊಣಕಾಲಿನ ಪಟ್ಟಿ, ಅಕ್ಕನಿಗೆ ಕೇಸರಿ ಡಬ್ಬಿ ಕಳಿಸುತ್ತಿದ್ದೇನೆ. ಭಾವನವರಿಗೂ ಅಕ್ಕನಿಗೂ ನಮ್ಮ ನಮಸ್ಕಾರ ತಿಳಿಸಿ. ದೀಪಾವಳಿಯ ಎಣ್ಣೆ ನೀರಿಗೆ ಬೆಳ್ಳಂಬೆಳಗ್ಗೆ ನೀವೇ ಮೊದಲು ಏಳಬೇಡಿ, ಥಂಡಿ ಹತ್ತುತ್ತದೆ. ನಿಮ್ಮ ಆಶೀರ್ವಾದ ಸಿರಿಶಾಳ ಮೇಲಿರಲಿ, ಈ ಸಲ ಸ್ವಲ್ಪ ಹೆಚ್ಚಾಗಿ ನಿಮ್ಮ ಮಗನ ಮೇಲಿರಲಿ.

ನಿಮ್ಮ ಹಟಮಾರಿ ಸೊಸೆ,
ಸ್ಫೂರ್ತಿ

ತಾ.ಕ.: ಉದಯಶಂಕರ್ ಅವರ ಕಾರು ಕೆಳಗೆ ಬಂದು ನಿಂತಿದೆ. ಲಿಫ್ಟ್ ಕೆಟ್ಟಿದೆ, ಓಡಬೇಕು. ಇಷ್ಟು ಪುಟ ಬರೆದರೂ ಕೇಳಬೇಕಾದ್ದನ್ನು ಕೇಳಲು ಧೈರ್ಯ ಬರಲಿಲ್ಲ. ನೀವು ಬಂದ ಹೊಸದರಲ್ಲಿ ಆ ಗಾಜಿನ ಪೆಟ್ಟಿಗೆ ನೋಡಿ, "ಸತ್ತವರ ಮೈಮ್ಯಾಲಿನ ಅರಿವಿ ದೇವರ ಮಗ್ಗಲಕ್ಕ ಇಡತಾರೇನು?" ಅಂದಿದ್ದಿರಿ. ನಾವು ನಕ್ಕು ಸುಮ್ಮನಾದೆವು. ಮಷೀನಿನಲ್ಲಿ ಎಲ್ಲರ ಬಟ್ಟೆ ಕಲೆಯುತ್ತದೆಂದು ನಿಮ್ಮ ಮಡಿ ಬಟ್ಟೆಯನ್ನು ನೀವು ದಿನವೂ ಬಕೆಟ್ಟಿನಲ್ಲೇ ತೊಳೆಯುತ್ತಿದ್ದಿರಿ, ನಮ್ಮ ಪುಡಿಯನ್ನೇ ಹಾಕಿ. ಕಳೆದ ವರ್ಷ ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ, ಗಾಲಿಕುರ್ಚಿಯಲ್ಲಿ ಕೂತು, ನನ್ನ ಕೈ ಹಿಡಿದು ಒಂದು ಮಾತು ಅಂದಿರಿ: "ಯಾರು ಹಡದ ಮಗನೋ ಏನೋ ಆ ಸಿಪಾಯಿ. ಸತ್ತ ಮ್ಯಾಲೆ ಅವನ ಅರಿವಿಗೆ ಯಾರೂ ನೀರು ತೋರಿಸಿದ್ದಿಲ್ಲ. ಈಗ ಆತು ಬಿಡು." ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಪೊಲೀಸನನ್ನು ನೋಡಿ ಏನೋ ಅಂದಿರೆಂದು ನಾನು ಹೂಂ ಅಂದೆ. ಮೊನ್ನೆ ಪಾತ್ರೆ ತೊಳೆಯುವಾಗ ಆ ಮಾತು ನೆನಪಾಗಿ ಕೈ ನಿಂತುಹೋಯಿತು. ಅತ್ಯಾ, ಅಂದು ನಿಮ್ಮ ಕುರ್ಚಿ ತಳ್ಳುತ್ತಿದ್ದವರು ನಿಮ್ಮ ಮಗ. ಅವರು ನನ್ನ ಹಾಗೆ ಅಲ್ಲ, ಆ ಮಾತು ಅವರಿಗೆ ಅರ್ಥವಾಗಿತ್ತು. ಪಟ್ಟಿ ಹೊಳೆದ ಗಳಿಗೆಯಲ್ಲೇ ಯಾಕೆ ಹೊಳೆಯಿತೆಂದು ಅವರಿಗೆ ಗೊತ್ತಿತ್ತು. ಅಷ್ಟು ಜನರ ಮುಂದೆ ತಾಯಿಯ ಮಡಿ ನಗೆಗೀಡಾಗಬಾರದೆಂದು ಬಾಯಿ ಕಟ್ಟಿಕೊಂಡು, ಸುಳ್ಳ ಅನ್ನಿಸಿಕೊಂಡು ಮನೆಗೆ ಬಂದಿದ್ದಾರೆ. ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಕುಲ ಗೋತ್ರ ತಿಳಿಯದ ಹುಡುಗನಿಗೆ ನೀವು ಮಾಡಿದ್ದನ್ನು ಅವನ ಮನೆಯವರೂ ಮಾಡಿರಲಿಲ್ಲ. ತೊಳೆದಿದ್ದರೆ ತೊಳೆದೆ ಎಂದು, ಇಲ್ಲದಿದ್ದರೆ ಇಲ್ಲವೆಂದು, ನಿಮ್ಮ ಕೈಯಾರೆ ಬರೆದು ಉದಯಶಂಕರ್ ಅವರ ಕೈಗೇ ಕೊಡಿ; ಸಭೆಗೆ ಮುಂಚೆ ಅವರು ಮರಳುತ್ತಾರೆ. ಯಾಕೆ ತೊಳೆದಿರಿ ಎಂಬುದನ್ನೂ ಬರೆಯಿರಿ. ಆ ಹಾಲಿನಲ್ಲಿ ಎದ್ದು ನಿಂತು ಮೊದಲು ಕನ್ನಡದಲ್ಲೇ ಓದುತ್ತೇನೆ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಯಾರಾದರೂ ನಕ್ಕರೆ ಅವರನ್ನು ನಾನು ನೋಡಿಕೊಳ್ಳುತ್ತೇನೆ. ಇವರಿಗೆ ಈ ಪತ್ರದ ವಿಷಯ ಗೊತ್ತಿಲ್ಲ. ಗೊತ್ತಾದರೆ ನಿಮ್ಮನ್ನು ಬರೆಯಲು ಬಿಡುವುದಿಲ್ಲ.