ಹಲ್ಲಿಜನರ ರಂಪಣಿಯಲ್ಲಿ ಕಿಶನನ ಪಾಲು

೧೭ ಸೆಪ್ಟೆಂಬರ್ ೨೦೦೬, ಭಾನುವಾರ. ಬಿಣಗಾ

ನಿತಿನನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಬೇಲೆಕೇರಿಯಿಂದ ಮೀನಿಗೆ ಹೊರಟ ದೋಣಿಯೊಂದಿಗೆ ನಮ್ಮ ಗೆಳೆಯ ಕಿಶನ ಕಾಣೆಯಾಗಿ ತಿಂಗಳಾಯಿತು. ಇವತ್ತು ಮತ್ತೆ ದಾಳ ಹಿಡಿದು ಆಟಕ್ಕೆ ಕೂತೆವು, ಅದೂ ಅವನ ಮನೆಯ ಜಗಲಿಯಲ್ಲೇ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರಲ್ಲಿ ಒಂದೊಂದು ಪಾತ್ರವಾಗಿ ದಾಳ ಹಾಕುತ್ತೇವೆ; ಕಥೆ ನಡೆಸುವವನು ನಿತಿನ. ಕಿಶನನದು ಹಲ್ಲಿಜನರ ಮುದುಕನ ಪಾತ್ರ.

ಆ ಜನರನ್ನು ಕಲ್ಪಿಸಿದ್ದೇ ಕಿಶನ. ನಿತಿನ ಅವರನ್ನು ಮನುಷ್ಯರನ್ನು ತಿನ್ನುವ ರಾಕ್ಷಸರನ್ನಾಗಿ ಮಾಡಲು ಹೊರಟಾಗ ಕಿಶನ ಒಪ್ಪಿರಲಿಲ್ಲ. ಅವನ ಹಲ್ಲಿಜನರು ನಮ್ಮಂತೆ ರಂಪಣಿ ಬಲೆ ಬಿಡುತ್ತಾರೆ. ಉದ್ದ ಕೊರಳಿನ ಡೈನೋಸಾರ್‌ಗಳು ಅದನ್ನು ದಡಕ್ಕೆ ಎಳೆಯುತ್ತವೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲುಂಟು, ಡೈನೋಸಾರ್‌ಗೂ.

"ಮುದುಕನನ್ನು ಇವತ್ತು ಸಾಯಿಸಿಬಿಡುವಾ. ಕಥೆ ಮುಂದೆ ಹೋಗ್ಬೇಕಲ್ಲ," ಅಂದ ನಿತಿನ.

ಕಿಶನನ ಆಯಿ, ಗೋದಾವರಿ ಮಾವಶಿ, ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೀನೆಂದು ನಾವು ಹಂಚಿಟ್ಟ ಹುಣಸೆಬೀಜಗಳನ್ನು ನೋಡಿದಳು.

"ಕಿಶನಂದು ಪಾಲು ಎಲ್ಲಿ?"

"ಅಂವ ಇವತ್ತು ಹಗ್ಗ ಹಿಡೀಲಿಲ್ಲಲ್ಲ, ಮಾವಶಿ," ನಿತಿನ ಅಂದ. ಅಂದೇಬಿಟ್ಟ.

"ದೋಣೀಲಿ ಹೋದಂವ ಬರೂ ತನಕ ಅವನ ಪಾಲು ಬದಿಗೆ ಇಡ್ತ್ರು, ಮಗಾ."

ಎಲ್ಲರ ರಾಶಿಯಿಂದಲೂ ಒಂದೊಂದು ಬೀಜ ತೆಗೆದು ಕಿಶನ ಕೂರುತ್ತಿದ್ದ ಜಾಗದ ಮುಂದೆ ಇಟ್ಟಳು. ಮುದುಕ ಸಾಯಲಿಲ್ಲ.

ಏಳುವಾಗ ಉಳಿದ ಬೀಜಗಳನ್ನೆಲ್ಲ ಡಬ್ಬಿಗೆ ತುಂಬಿದೆವು. ಕಿಶನನ ಪಾಲಿಗೆ ಯಾರೂ ಕೈ ಹಚ್ಚಲಿಲ್ಲ. ಇನ್ನೂ ಜಗಲಿಯಲ್ಲೇ ಇರುತ್ತವೆ. ನಾಳೆ ಬೆಳಿಗ್ಗೆ ಮಾವಶಿ ಕಸ ಗುಡಿಸಲು ಬಂದಾಗ ಆ ಬೀಜಗಳನ್ನು ಬಿಟ್ಟು ಸುತ್ತಲೂ ಗುಡಿಸುತ್ತಾಳೆ.