ಊದಿ ಆರಿಸಿದ ಬೆಸುಗೆ

ಅಂಗಡಿಯ ಹಿಂದಿನ ಕೋಣೆ
ಗುರುವಾರ, ೧೬ ಜುಲೈ ೧೯೯೮

ಪ್ರೀತಿಯ ತಮ್ಮಾ,

ಇವತ್ತು ಗುರುವಾರದ ಉಪವಾಸ. ಬೆಳಗಾಗೆದ್ದು ಅಂಗಡಿ ಗುಡಿಸಿ ಒರೆಸಿ, ದೇವರ ಮುಂದೆ ದೀಪ ಹಚ್ಚಿ, ಅಪ್ಪನಿಗೆ ತಿಂಡಿ ಕೊಟ್ಟು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ ಈಗ ಕೂತಿದ್ದೇನೆ. ನೀನು ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಹೆಂಡತಿ ಮಕ್ಕಳು ಸೌಖ್ಯವೇ? ಆರು ವರ್ಷದಿಂದ ನೀನು ಅಪ್ಪನಿಗೆ ಬರೆಯುವ ಕಾಗದಗಳಲ್ಲಿ ಅಕ್ಕ ಎಂಬ ಎರಡಕ್ಷರ ಕಂಡಿಲ್ಲ. ಆದರೂ ಬೆನ್ನಿನ ವಿಷಯ ತಿಳಿದಾಗ ನಿನಗಾಗಿ ಬೇಡಿಕೊಂಡೆ. ಹಲ್ಲು ಕಚ್ಚಿಕೊಂಡೇ ಬೇಡಿಕೊಂಡೆ, ಅದನ್ನೂ ಹೇಳಿಬಿಡುತ್ತೇನೆ. ದೇವರಿಗೆ ಗೊತ್ತಿರುವುದನ್ನು ನಿನ್ನಿಂದ ಮುಚ್ಚಿಟ್ಟು ಏನಾಗಬೇಕು?

ಇನ್ನು ವಿಷಯ. ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ನಿಮ್ಮೂರಿನ ಸಂಗೀತ ಶಾಲೆಯ ಮೇಷ್ಟ್ರೊಬ್ಬರು ಗಿಟಾರ್ ಪೆಟ್ಟಿಗೆ ಹಿಡಿದು ಬಂದರು. ಪೆಟ್ಟಿಗೆಯ ಹಿಡಿಗೆ ನಾನೇ ಹೊಲಿದ ನೀಲಿ ಬಟ್ಟೆ ಇನ್ನೂ ಹಾಗೇ ಇತ್ತು. ಹೋದ ವರ್ಷ ನಿನ್ನಿಂದ ಕೊಂಡರಂತೆ. ಮಾರುವ ಮೊದಲು ಒಂದು ಮಾತು ಹೇಳಬೇಕಿತ್ತು ಅನ್ನುವುದಿಲ್ಲ, ನಿನ್ನ ಗಿಟಾರ್, ನಿನ್ನಿಷ್ಟ. ಮೇಷ್ಟ್ರು ಅಂದರು: "ಸ್ವಿಚ್ ಒಂದು, ಮೂರು, ಐದಕ್ಕೆ ಇಟ್ರೆ ಚೆನ್ನಾಗೇ ನುಡಿಯತ್ತಮ್ಮಾ. ಎರಡಕ್ಕೋ ನಾಲ್ಕಕ್ಕೋ ತಳ್ಳಿದ್ರೆ ನೆಗಡಿ ಬಂದವನು ಹಾಡಿದ ಹಾಗಿರತ್ತೆ." ಆರು ವರ್ಷದ ಹಿಂದಿನ ಅದೇ ಕಾಯಿಲೆ. ತಂತಿಯ ದನಿ ಹಿಡಿಯುವ ಮೂರು ಪಿಕಪ್‌ಗಳೂ ಒಂಟಿಯಾಗಿ ಸರಿ. ಎರಡರಲ್ಲೂ ನಾಲ್ಕರಲ್ಲೂ ನಡುವಿನದು ಪಕ್ಕದ್ದರ ಜೊತೆ ಕೂಡಿ ನುಡಿಯಬೇಕು, ಕೂಡಿದ ಕೂಡಲೇ ಒಂದರ ದನಿಯನ್ನು ಇನ್ನೊಂದು ನುಂಗಿಬಿಡುತ್ತದೆ.

ಆ ದಿನ, ನಾನು ಹೊಸ ಸ್ವಿಚ್ ಬೆಸೆದುಕೊಟ್ಟ ಈ ಗಿಟಾರನ್ನೇ ನುಡಿಸಿ, ನೀನು ಸಭಾಂಗಣದಿಂದ ನೇರ ಅಂಗಡಿಗೆ ನುಗ್ಗಿದ್ದು ನೆನಪಿದೆಯೇ? ಜನ ನಕ್ಕಿದ್ದರು, ನಿನ್ನ ಮುಖ ಕೆಂಡವಾಗಿತ್ತು, ಅದು ನನಗೂ ಸಂಕಟವೇ. ಆದರೆ ಗಿರಾಕಿಗಳು ತುಂಬಿದ್ದ ಅಂಗಡಿಯಲ್ಲಿ ಏನಂದೆ? "ಅಕ್ಕ ಒಳಗಿನ ತಂತಿ ಅದಲುಬದಲು ಮಾಡಿದ್ದಾಳೆ. ಜಪ ಮಾಡ್ತಾ ಬೆಸುಗೆ ಹಾಕಿದ್ರೆ ಇನ್ನೇನಾಗತ್ತೆ!" ಬಿಚ್ಚಿ ನೋಡೋಣ ಎಂದರೆ ಪೆಟ್ಟಿಗೆ ಮುಟ್ಟಲೂ ಬಿಡದೆ ಎತ್ತಿಕೊಂಡು ಹೊರಟೆ. ಅಪ್ಪ ನನ್ನ ಕೈಯಿಂದ ಸೋಲ್ಡರಿಂಗ್ ಐರನ್ ತೆಗೆದುಕೊಂಡರು. ಬೈಯಲಿಲ್ಲ. "ನಿನ್ನ ಕೈ ನಂಬೋ ಹಾಗಿಲ್ಲ ಬಿಡು" ಎಂದರು, ಅಷ್ಟೇ. ಹಳ್ಳಿಯ ಶಾಲೆಯಲ್ಲಿ ಏಳರವರೆಗೆ ಓದಿದವಳಿಗೆ ಬಂದ ವಿದ್ಯೆ ಅದೊಂದೇ. ಅಂದಿನಿಂದ ಹಳೇ ತಂತಿ ಬದಲಿಸುವುದು, ಧೂಳು ಒರೆಸುವುದು, ಬಂದವರಿಗೆ ಚಹಾ ಕೊಡುವುದು. ಬರುವ ಸೋಮವಾರ ಅಪ್ಪ ತಮ್ಮ ಕೆಲಸದ ಮೇಜು, ಪಿಕಪ್ ಸುತ್ತುವ ಯಂತ್ರ ಎಲ್ಲವನ್ನೂ ಎದುರು ಬೀದಿಯ ರೇಡಿಯೊ ರಿಪೇರಿಯವನಿಗೆ ಒಪ್ಪಿಸುತ್ತಿದ್ದಾರೆ. ಪಕ್ಕದಲ್ಲೇ ಮಗಳು ನಿಂತಿರುವಾಗ "ನನ್ನ ನಂತರ ಇನ್ಯಾರಿದ್ದಾರೆ" ಎಂದು ಅವನ ಕೈ ಹಿಡಿದು ಕೇಳಿದರು.

ಅಪ್ಪ ಮನೆಯಲ್ಲಿಲ್ಲವೆಂದೇ ಧೈರ್ಯಮಾಡಿ ಗಿಟಾರಿನ ಮುಖದ ಮೇಲಿನ ತಟ್ಟೆ ಬಿಚ್ಚಿದೆ. ಸ್ವಿಚ್ಚಿನ ಮೇಲಿನ ನನ್ನ ಬೆಸುಗೆಗಳು ಬೆಳಗಿದ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ನಡುವಿನ ಪಿಕಪ್ಪಿನ ಎರಡು ಮಾತ್ರ ಬೂದಿಬಣ್ಣ, ತರಿತರಿ. ಊದಿ ಆರಿಸಿದವು. ಈ ಮನೆಯಲ್ಲಿ ಬೆಸುಗೆಯನ್ನು ಊದುತ್ತಿದ್ದವನು ಒಬ್ಬನೇ. "ಊದಬೇಡವೋ, ಅದೇನು ಬಿಸಿ ಹಾಲಾ?" ಎಂದು ಅಪ್ಪ ಎಷ್ಟು ಸಲ ನಿನ್ನ ತಲೆಗೆ ಮೊಟಕಿಲ್ಲ! ಮೇಲಾಗಿ ಬಿಳಿ ತಂತಿ ಸ್ವಿಚ್ಚಿಗೆ, ಕಪ್ಪು ಅರ್ಥಿಂಗಿಗೆ. ಅಂಗಡಿಯಲ್ಲಿ ಕೊಂಡ ಪಿಕಪ್‌ಗಳಿಗೆ ಅದೇ ಸರಿ, ಆಚೀಚೆಯ ಎರಡೂ ಕೊಂಡವೇ. ನಡುವಿನದು ಅಪ್ಪ ಕೈಯಾರೆ ಸುತ್ತಿದ್ದು. ಅಪ್ಪ ಸುತ್ತಿದ್ದರಲ್ಲಿ ಕಪ್ಪೇ ಸ್ವಿಚ್ಚಿಗೆ ಹೋಗಬೇಕು. ಅವರು ಕಲಿತದ್ದೇ ಹಾಗೆ, ಅದು ನಮ್ಮ ಮೂವರಿಗೆ ಮಾತ್ರ ಗೊತ್ತು. ನಾನು ಸರಿಯಾಗಿ ಹಾಕಿದ್ದನ್ನು ನೀನು ಅಂದು ನುಡಿಸಲು ಹೋಗುವ ಮೊದಲು ಬಿಚ್ಚಿ, ಸ್ವಿಚ್ಚಿನ ಡಬ್ಬಿಯೊಳಗಿನ ಅಚ್ಚಿನ ಚೀಟಿ ನೋಡಿ ತಿರುಗಿಸಿ ಹಾಕಿದ್ದೀಯ.

ತಪ್ಪು ಮಾಡಿದ್ದಕ್ಕೆ ಸಿಟ್ಟಿಲ್ಲ ತಮ್ಮಾ. ಆತುರದಲ್ಲಿ ಯಾರಾದರೂ ಮಾಡಬಹುದು. ಆದರೆ ಮುಟ್ಟಿದವನು ನೀನು ಎಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ಕೂತೆಯಲ್ಲ!

ಗಿಟಾರ್ ನನ್ನ ಮುಂದೆ ತೆರೆದೇ ಬಿದ್ದಿದೆ. ಸಂಜೆಯವರೆಗೆ ಹೀಗೇ ಇಟ್ಟರೆ ಸಾಕು, ಅಪ್ಪ ಬಂದು ಕಣ್ಣಾರೆ ಕಾಣುತ್ತಾರೆ. ಬಾಯಲ್ಲಿ ಹೇಳಿದರೆ, ಇಲ್ಲದವನ ಮೇಲೆ ಗೂಬೆ ಕೂರಿಸಬೇಡ ಅಂದಾರು. ಮೇಷ್ಟ್ರು ಊಟಕ್ಕೆ ಹೋಗಿದ್ದಾರೆ, ಮೂರು ಗಂಟೆಯ ಬಸ್ಸು ಹಿಡಿಯಬೇಕಂತೆ, ಇವತ್ತೇ ಸಂಜೆ ಶಾಲೆಯಲ್ಲಿ ಅವರು ನುಡಿಸಬೇಕಂತೆ. "ಭಾಗ ಸಿಕ್ಕಿಲ್ಲ, ಇಟ್ಟು ಹೋಗಿ" ಎಂದು ಒಂದು ಸುಳ್ಳು ಹೇಳಿದರೆ ಮುಗಿಯಿತು. ಸುಳ್ಳು ನಾಲಿಗೆಯ ತುದಿಯಲ್ಲೇ ಇದೆ.

ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ. ಸದ್ಯಕ್ಕೆ ಬಾಯಿಮಾತಿನ ಹರಕೆ, ಮನಸ್ಸು ಒಪ್ಪಲು ಇನ್ನೂ ಕೆಲವು ದಿನ ಬೇಕು.

ಇಂತಿ,
ನಿನ್ನ ಅಕ್ಕ

ಮತ್ತೆ: ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಬೆಸುಗೆ ಕರಗಿಸಿ ತಂತಿ ತಿರುಗಿಸಿ ಹಾಕಿದೆ. ಐದೂ ಕಡೆ ತುಂಬಿ ನುಡಿಯುತ್ತಿದೆ. ಬೇರೆಯವರ ವಸ್ತುವನ್ನು ನನ್ನ ಸಾಕ್ಷಿಗೆಂದು ಹಿಡಿದಿಟ್ಟುಕೊಂಡು ದೇವರ ಮುಂದೆ ಹೇಗೆ ಕೂರಲಿ? ಈಗ ಅಪ್ಪನಿಗೆ ತೋರಿಸಲು ನನ್ನ ಹತ್ತಿರ ಏನೂ ಉಳಿದಿಲ್ಲ, ನಿನ್ನ ಮಾತೊಂದನ್ನು ಬಿಟ್ಟು. "ನಡುವಿನ ಪಿಕಪ್ ಬಿಚ್ಚಿದವನು ನಾನು" ಎಂದು ನಿನ್ನ ಕೈಯಲ್ಲೇ ಅಪ್ಪನಿಗೆ ಒಂದು ಸಾಲು ಬರೆ. ಈ ಕಾಗದವನ್ನು ಮೇಷ್ಟ್ರ ಕೈಯಲ್ಲೇ ಕಳಿಸುತ್ತಿದ್ದೇನೆ. ಉತ್ತರವನ್ನು ಅಂಚೆಗೆ ಹಾಕಿದರೆ ಸೋಮವಾರದೊಳಗೆ ತಲುಪುವುದಿಲ್ಲ. ಮೇಷ್ಟ್ರು ಭಾನುವಾರ ಮತ್ತೆ ಈ ಕಡೆ ಬರುವವರಿದ್ದಾರೆ, ಶನಿವಾರ ಸಂಜೆ ನಿನ್ನ ಮನೆಗೆ ಬಂದು ಉತ್ತರ ತೆಗೆದುಕೊಂಡು ಹೋಗಿ ಎಂದು ಕೇಳಿಕೊಂಡಿದ್ದೇನೆ. ಅವರನ್ನು ಬರಿಗೈಯಲ್ಲಿ ಕಳಿಸಬೇಡ.